'ಎಡಿಟೋರಿಯಲ್ ಶೂಟ್', 'ಒಣ ತೋಟ': ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ಶರಣು.

ಕಲಬುರಗಿಯಿಂದ ಬರುವ ಒಂದು ಮಾಸಿಕಕ್ಕಾಗಿ ಜಪಾನಿನ ಉಡುಗೆ-ತೊಡುಗೆ ಚಿತ್ರಮಾಲೆಯೊಂದರ ಅಡಿಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಚಿತ್ರ ಟೋಕಿಯೊ ಹತ್ತಿರದ ಕಾಸುಕಾಬೆಯವು. ಅಲ್ಲಿ ನೆರೆನೀರು ಹಿಡಿಯಲು ನೆಲದಡಿ ಕಟ್ಟಿದ ತೊಟ್ಟಿಯಲ್ಲಿ 18 ಮೀಟರ್ ಎತ್ತರದ 59 ಕಂಬಗಳಿವೆ. ರೂಪದರ್ಶಿ ಅವುಗಳ ನಡುವೆ ನಿಂತಿದ್ದಾಳೆ. ಉಳಿದವು ಕಲ್ಲು, ಗರಸಿನ ಉದ್ಯಾನದಲ್ಲಿ ತೆಗೆದವು.

ಮೊದಲು 'ಎಡಿಟೋರಿಯಲ್ ಶೂಟ್'. ಜಾಹೀರಾತುದಾರರಿಗಾಗಿ ಅಲ್ಲದೆ ಪತ್ರಿಕೆಯ ಪುಟಗಳಿಗೆಂದೇ ತೆಗೆಸಿದ ಚಿತ್ರಗಳು ಎಂದರ್ಥ. 'ಸಂಪಾದಕೀಯ ಚಿತ್ರೀಕರಣ' ಎಂದರೆ ಸಂಪಾದಕರೇ ಕ್ಯಾಮೆರಾ ಹಿಡಿದಂತೆ ಕೇಳುತ್ತದೆ. 'ಚಿತ್ರಲೇಖನ' ನನಗೆ ಹಿಡಿಸಿದೆ, ಆದರೆ ತೆಗೆಯುವ ಕೆಲಸಕ್ಕೆ ಅದು ಹೊಂದುವುದಿಲ್ಲ. ಅಲ್ಲಿ 'ಪತ್ರಿಕೆ ಶೂಟಿಂಗ್' ಎಂದು ಬಿಟ್ಟರೆ ತಪ್ಪೇನು?

ಆ ತೊಟ್ಟಿಯ ಚಿತ್ರಗಳಿಗೆ ಸಂಬಂಧಿಸಿದ 'ಸಿವಿಕ್ ಇನ್‌ಫ್ರಾಸ್ಟ್ರಕ್ಚರ್' ಬಗ್ಗೆ ಹೆಚ್ಚು ಚರ್ಚೆ ಬೇಡ. ನಮ್ಮ ಪತ್ರಿಕೆಗಳಲ್ಲಿ 'ಮೂಲಸೌಕರ್ಯ' ಕಂಡರೆ ಹಿಂದೆಯೇ 'ವಂಚಿತ ಬಡಾವಣೆ' ಬರುತ್ತದೆ, ರೇಷ್ಮೆ ಉಟ್ಟವಳನ್ನು ಅಲ್ಲಿ ನಿಲ್ಲಿಸಲಾಗದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವರು ಜಂಬಿಟ್ಟಿಗೆ ಕೊರೆದು ನೆಲದೊಳಗೇ ನೀರು ಹರಿಸಿದ ಕರೇಜ್‌ಗೆ ಜನ ಸರಳವಾಗಿ 'ಸುರಂಗ ಬಾವಿ' ಅಂದರು. ಹಾಗೆಯೇ ನಾನೂ 'ನೆರೆತೊಟ್ಟಿ' ಎಂದು ಬರೆದಿದ್ದೇನೆ.

ನಿಜವಾದ ತಕರಾರು ಉದ್ಯಾನದ್ದು. ಜಪಾನಿಯಲ್ಲಿ ಅದು 'ಕರೆಸಾನ್ಸುಯಿ'. 'ಸಾನ್‌ಸುಯಿ' ಎಂದರೆ ಬೆಟ್ಟ-ನೀರು, ಅಂದರೆ ನಿಸರ್ಗದೃಶ್ಯ. 'ಕರೆ' ಎಂದರೆ ಒಣಗಿದ್ದು. ಬಿಳಿ ಗರಸಿನ ಮೇಲೆ ದಂತಾಳ ಎಳೆದು ಅಲೆ ಮೂಡಿಸುತ್ತಾರೆ, ಬಂಡೆಗಳೇ ದ್ವೀಪ. ಕ್ಯೋಟೊದ ರ್‍ಯೋವಾನ್‌ಜಿಯಲ್ಲಿ ಇಂಥ 15 ಕಲ್ಲುಗಳಿವೆ, ಜಗಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಮರೆಯಾಗಿರುತ್ತದೆ. ಇದಕ್ಕೆ 'ಒಣ ತೋಟ' ಎಂಬ ಅನುವಾದವನ್ನು ಕಂಡಿದ್ದೇನೆ. ಬೆಂಗಳೂರಿನವರಿಗೆ ಸರಿ ಅನ್ನಿಸಬಹುದು. ನಮ್ಮ ಕಡೆ ಮಳೆ ನಂಬಿ ತೊಗರಿ ಬಿತ್ತುವ ಎರೆಭೂಮಿ 'ಹೊಲ', ಬಾವಿ ನೀರು ಉಂಡರೆ ಮಾತ್ರ 'ತೋಟ'. 'ಒಣ ತೋಟ' ಎಂದರೆ ಬೋರ್ ಬತ್ತಿತು, ಪಾಪ, ಸಾಲ ಎಷ್ಟಿದೆಯೋ ಎಂದೇ ಓದುಗ ಕೇಳುತ್ತಾನೆ!

'ಒಣ' ಬಿಡುವಂತಿಲ್ಲ, ಇಲ್ಲದ ನೀರನ್ನು ತೋರಿಸುವುದೇ ಅದರ ಬೆಡಗು. ಹಾಗಾಗಿ 'ತೋಟ' ಬಿಟ್ಟು 'ಒಣ ಬಗೀಚಾ' ಎನ್ನುವುದು ನನ್ನ ಸೂಚನೆ. 'ಬಗೀಚಾ' ಇಲ್ಲಿ ಮನೆಮಾತು, ನೋಡಲಿಕ್ಕಂತಲೇ ಬೆಳೆಸಿದ್ದು, ಬೆಳೆಯ ಲೆಕ್ಕ ಇಲ್ಲ. ಬೀದರ್ ಕೋಟೆಯೊಳಗೂ ಒಂದು ಲಾಲ್ ಬಾಗ್ ಇದೆಯಲ್ಲ. 'ಉದ್ಯಾನ' ಹಾಕಿ ಎಂದು ಸಂಪಾದಕರ ಒತ್ತಾಯ, ನನಗೆ ಅದು ನಗರಪಾಲಿಕೆ ಬೋರ್ಡಿನಂತೆ ಕಾಣುತ್ತದೆ.

ಯಾದಗಿರಿ, ಸುರಪುರದ ಕಡೆಯವರಿಗೆ ಒಂದು ಪ್ರಶ್ನೆ: ಕಾಲುವೆ ನೀರು ಬಂದ ಮೇಲೆ ನಿಮ್ಮಲ್ಲಿ ಆ ಹೊಲಗಳಿಗೂ 'ತೋಟ' ಅನ್ನುತ್ತಾರೋ, 'ಗದ್ದೆ' ಎನ್ನುತ್ತಾರೋ? ದಂತಾಳದಿಂದ ಎಳೆದ ಗೆರೆಗೆ ಒಕ್ಕಲುತನದಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸ್ರಿ, ಅಡಿಬರಹದಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ.