ಅಪ್‌ಡೇಟ್: 11 ಮೀಟರಿನ ಬಂಡೆ 7 ಮೀಟರಿಗೇ ಸಿಕ್ಕಿದ್ದೇಕೆ

ಶಿರಸಿ ಬದಿಯ ಚಿರೆಕಲ್ಲು ದಿಬ್ಬದಲ್ಲಿ ರಿಫ್ರಾಕ್ಷನ್ ಸರ್ವೆ (ನೆಲಕ್ಕೆ ಹೊಡೆದು, ಕಂಪನದ ತರಂಗ ಬೇರೆ ಬೇರೆ ದೂರಕ್ಕೆ ತಲುಪುವ ಸಮಯದಿಂದ ಪದರಗಳ ಆಳ ಲೆಕ್ಕ ಹಾಕುವ ವಿಧಾನ) 11.4 ಮೀಟರಿಗೆ ಬಂಡೆ ತೋರಿಸಿತ್ತು, ಬೋರು 7 ಮೀಟರಿಗೇ ಬಂಡೆ ಮುಟ್ಟಿತ್ತು. ತಪ್ಪೆಲ್ಲಿ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ. 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ), 2 ಮೀಟರ್ ಅಂತರ, 8 ಕೆ.ಜಿ. ಸುತ್ತಿಗೆ, ಎರಡೂ ತುದಿಯಿಂದ ಹೊಡೆತ: ಇದರಲ್ಲೇನೂ ದೋಷವಿರಲಿಲ್ಲ.

ಕಿತಾಪತಿ ಶೇಡಿ ಮಣ್ಣಿನದು (ಚಿರೆಕಲ್ಲಿನ ಅಡಿ ಸಿಗುವ ಮೆತ್ತನೆ ಜೇಡಿ). ಮೇಲೆ 3 ಮೀಟರ್ ಗಟ್ಟಿ ಚಿರೆಕಲ್ಲು (ತರಂಗದ ವೇಗ ಸೆಕೆಂಡಿಗೆ 1200 ಮೀಟರ್), ಅದರಡಿ 4 ಮೀಟರ್ ಶೇಡಿ (600), ಆಮೇಲೆ ಬಂಡೆ (3500). ವೇಗ ಇಳಿಯುವ ಪದರಕ್ಕೆ ಹೊಕ್ಕ ತರಂಗ ಕೆಳಕ್ಕೇ ಬಾಗುತ್ತದೆ, ಅದರ ನೆತ್ತಿಯ ಮೇಲೆ ಸಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಸಮಯ-ದೂರದ ಗ್ರಾಫಿನಲ್ಲಿ ಎರಡೇ ಗೆರೆ, ಚಿರೆಕಲ್ಲಿನದು ಮತ್ತು ಬಂಡೆಯದು; ಶೇಡಿಯದು ಕಾಣುವುದೇ ಇಲ್ಲ. ಇಂಟರ್ಸೆಪ್ಟಿನ (ಬಂಡೆಯ ಗೆರೆಯನ್ನು ಹಿಂದಕ್ಕೆ ಎಳೆದರೆ ಶೂನ್ಯ ದೂರದಲ್ಲಿ ಸಿಗುವ ಸಮಯ) 17.8 ಮಿಲಿಸೆಕೆಂಡನ್ನು ಪೂರ್ತಿ 1200ರ ವೇಗದಲ್ಲಿ ಲೆಕ್ಕ ಹಾಕಿದ್ದಕ್ಕೇ ಆಳ ಉಬ್ಬಿತು.

ಬೋರಿನೊಳಗೆ ಜಿಯೋಫೋನ್ ಇಳಿಸಿ ಮೀಟರಿಗೊಮ್ಮೆ ಸಮಯ ಅಳೆದಾಗ ಶೇಡಿಯ 600 ಸಿಕ್ಕಿತು. ಅದನ್ನು ಹಾಕಿದರೆ 7 ಮೀಟರ್ ತಾಳೆಯಾಗುತ್ತದೆ. ಬೋರಿಲ್ಲದ ಕಡೆ ಅದೇ ಸಾಲಿನಲ್ಲಿ 4.5 ಹರ್ಟ್ಜ್ ಜಿಯೋಫೋನ್ ಹಾಕಿ ಮೇಲ್ಮೈ ತರಂಗಗಳನ್ನೂ ದಾಖಲಿಸಬೇಕು, ಅವು ನಡುವಿನ ಮೆತ್ತನೆ ಪದರವನ್ನು ಹಿಡಿಯುತ್ತವೆ. ಆದರೆ 600 ಬೇಸಿಗೆಯ ಒಣ ಶೇಡಿಯ ಅಂಕಿ. ನೀರು ತುಂಬಿದರೆ ವೇಗ 1500ರ ಆಸುಪಾಸಿಗೆ ಏರುತ್ತದೆ, ಮಳೆಗಾಲದ ಲೆಕ್ಕಕ್ಕೆ ಇದನ್ನೇ ಹಾಕಿದರೆ ನಡೆಯದು.