ಮುಹೂರ್ತದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ನಿಮಗೂ ಹೀಗಾಗುತ್ತಾ?

ಹೇಮಾವತಿ_ದಂಡೆ (ಸಕಲೇಶಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಅಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ, ಶಾಲೆಯ ಗ್ರೂಪ್ ಫೋಟೋ ತೆಗೆಯುತ್ತಾ ಬೆಳೆದವಳು. ಮದುವೆಗಳಿಗೆ ಅಪ್ಪನ ಜೊತೆ ಲೈಟ್ ಹಿಡಿಯಲು ಹೋಗುತ್ತಿದ್ದೆ. ಎರಡು ವರ್ಷದಿಂದ ಅಪ್ಪನಿಗೆ ಮಂಡಿ ನೋವು. ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಅದಕ್ಕೆ ಮದುವೆ ಆರ್ಡರ್ ಎಲ್ಲ ಈಗ ನನ್ನ ಮೇಲೆ. ವಿಡಿಯೋಗೆ ಮಾತ್ರ ಒಬ್ಬ ಹುಡುಗ ಬರುತ್ತಾನೆ.

ನನ್ನ ತೊಂದರೆ ಏನೆಂದರೆ ಭಯ. ಮದುವೆಯ ಹಿಂದಿನ ರಾತ್ರಿ ಆರತಕ್ಷತೆ ಮುಗಿಸಿ ಮನೆಗೆ ಬರುವಾಗ ಹನ್ನೊಂದೂವರೆ, ಹನ್ನೆರಡು ಆಗಿರುತ್ತದೆ. ಬೆಳಿಗ್ಗೆ ಐದಕ್ಕೆ ಮತ್ತೆ ಛತ್ರದಲ್ಲಿ ಇರಬೇಕು. ಮಲಗಿದರೆ ನಿದ್ದೆ ಇಲ್ಲ. ಎದ್ದು ಬ್ಯಾಗ್ ತೆಗೆದು ಬ್ಯಾಟರಿ ನೋಡುತ್ತೇನೆ, ಮೆಮೊರಿ ಕಾರ್ಡ್ ನೋಡುತ್ತೇನೆ, ಮತ್ತೆ ಮಲಗುತ್ತೇನೆ, ಮತ್ತೆ ಏಳುತ್ತೇನೆ. ಕಣ್ಣು ಹತ್ತಿದರೆ ಒಂದೇ ಕನಸು. ಪುರೋಹಿತರು ಗಟ್ಟಿಮೇಳ ಅನ್ನುತ್ತಾರೆ, ಓಲಗ ಜೋರಾಗುತ್ತದೆ, ಅಕ್ಷತೆ ಬೀಳುತ್ತದೆ, ನಾನು ಒತ್ತುತ್ತಲೇ ಇರುತ್ತೇನೆ, ಕ್ಯಾಮೆರಾ ಮಾತ್ರ ಸುಮ್ನೆ ಇರುತ್ತದೆ.

ಮೂರು ಗಂಟು ಬೀಳಲು ಎಷ್ಟು ಹೊತ್ತು ಬೇಕು ಹೇಳಿ? ಅಷ್ಟರಲ್ಲಿ ವರನ ಅಕ್ಕ ಗಂಟು ಹಾಕಲು ಅಡ್ಡ ಬರುತ್ತಾರೆ, ಹಿಂದಿನಿಂದ ಹತ್ತು ಮೊಬೈಲ್ ತಲೆಯ ಮೇಲೆ ಚಾಚುತ್ತವೆ. ಗಂಡಸರ ನಡುವೆ ನುಗ್ಗಿ ಜಾಗ ಹಿಡಿಯಬೇಕು. ಅದೆಲ್ಲ ಅಭ್ಯಾಸ ಆಗಿದೆ. ಆದರೆ ಈ ಮೇ ತಿಂಗಳಲ್ಲಿ ನಡೆದದ್ದು ಮರೆಯಲು ಆಗುತ್ತಿಲ್ಲ.

ನನ್ನ ಕ್ಯಾಮೆರಾದಲ್ಲಿ ಕಾರ್ಡ್ ಹಾಕಲು ಒಂದೇ ಜಾಗ. ಆ ಮದುವೆಯಲ್ಲಿ ಧಾರೆ ಮುಗಿಯುತ್ತಿದ್ದ ಹಾಗೆ ಪರದೆಯ ಮೇಲೆ ಕಾರ್ಡ್ ಎರರ್ ಬಂತು. ಬೇರೆ ಕಾರ್ಡ್ ಹಾಕಿ ಮುಂದುವರಿಸಿದೆ. ಊಟದ ಹೊತ್ತಿಗೆ ಮೊದಲಿನ ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ತೆರೆಯಲೇ ಇಲ್ಲ. ಫಾರ್ಮ್ಯಾಟ್ ಮಾಡಬೇಕೇ, ಅಂದರೆ ಕಾರ್ಡನ್ನು ಖಾಲಿ ಮಾಡಬೇಕೇ ಅಂತ ಕೇಳಿತು. ಬೇಡ ಅಂತ ಒತ್ತಿ ಹೊರಗೆ ತೆಗೆದೆ. ಕೈ ನಡುಗುತ್ತಿತ್ತು.

ಅದರಲ್ಲಿ ಹುಡುಗಿಯ ತಾತ ಧಾರೆ ಎರೆದ ಫೋಟೋ ಇತ್ತು. ಆಸ್ಪತ್ರೆಯಿಂದ ಎರಡು ದಿನದ ಮಟ್ಟಿಗೆ ಕರೆದುಕೊಂಡು ಬಂದಿದ್ದರು. ಇಬ್ಬರು ಹಿಡಿದು ವೇದಿಕೆ ಹತ್ತಿಸಿದರು. ಚೊಂಬು ಹಿಡಿದ ಕೈ ಅದುರುತ್ತಿತ್ತು, ಹಾಲು ಅರ್ಧ ಹೊರಗೆ ಚೆಲ್ಲಿತು. ಮೊಮ್ಮಗಳು ತನ್ನ ಕೈ ಬಿಡದೆ ಅವರನ್ನೇ ನೋಡುತ್ತಿದ್ದಳು. ನಾನು ಒಳ್ಳೆಯ ಜಾಗದಲ್ಲಿ ಕೂತಿದ್ದೆ. ಆ ಫೋಟೋ ಚೆನ್ನಾಗಿ ಬಂದಿತ್ತು, ಪರದೆಯಲ್ಲಿ ನೋಡಿದ್ದೇನೆ. ವಿಡಿಯೋದಲ್ಲಿ ಅವರ ಬೆನ್ನು ಮಾತ್ರ ಇದೆ.

ಆಷಾಢದಲ್ಲಿ ತಾತ ಹೋಗಿಬಿಟ್ಟರು.

ಕಾರ್ಡ್ ಹೋಗಿದೆ ಅಂತ ಆ ಮನೆಯವರಿಗೆ ನಾನು ಹೇಳಿದ್ದು ಒಂಬತ್ತು ದಿನ ಆದ ಮೇಲೆ. ಅಷ್ಟು ದಿನ ಧೈರ್ಯವೇ ಬರಲಿಲ್ಲ. ಯಾರೂ ಬೈಯಲಿಲ್ಲ. ಹುಡುಗಿಯ ತಂದೆ "ಆಯ್ತಮ್ಮ, ಏನು ಮಾಡೋಕಾಗುತ್ತೆ" ಅಂದು ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಾಸನದ ಒಂದು ಅಂಗಡಿಯಲ್ಲಿ ಕಾರ್ಡ್ ತೋರಿಸಿದೆ, ಆಗಲ್ಲ ಅಂದರು. ಈಗ ಅದು ಬೀರುವಿನಲ್ಲಿ ಒಂದು ಕುಂಕುಮದ ಡಬ್ಬಿಯಲ್ಲಿದೆ.

ಶ್ರಾವಣದಲ್ಲಿ ನಾಲ್ಕು ಮದುವೆ ಒಪ್ಪಿಕೊಂಡಿದ್ದೇನೆ. ಅಡ್ವಾನ್ಸ್ ತೆಗೆದುಕೊಂಡಾಗಿದೆ. ಬಿಟ್ಟುಬಿಡಲೇ ಅನ್ನಿಸುತ್ತದೆ. ಈ ಭಯ ನಿಮಗೂ ಇತ್ತಾ? ಹೋಯಿತಾ? ಹೇಗೆ?

*

ಹಳೇ_ರೋಲ್ (ಚಿಕ್ಕಮಗಳೂರು):

ತಂಗಿ, ನಾನು 1991ರಿಂದ ಈ ಕೆಲಸದಲ್ಲಿ ಇದ್ದೇನೆ. ಭಯ ಇತ್ತು. ಈಗಲೂ ಇದೆ. ನಾಳೆ ಕಡೂರಿನಲ್ಲಿ ಒಂದು ಗೃಹಪ್ರವೇಶ, ಈಗಲೇ ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ.

ನಮ್ಮ ಕಾಲದ ಭಯ ಬೇರೆ ಥರ. ನನ್ನ ಹತ್ತಿರ ಪೆಂಟಾಕ್ಸ್ ಕೆ1000 ಅನ್ನುವ ರೋಲ್ ಕ್ಯಾಮೆರಾ ಇತ್ತು. ಒಂದು ರೋಲಿಗೆ 36 ಫೋಟೋ. ಏನು ಬಂದಿದೆ ಅಂತ ನೋಡಲು ಹಿಂದೆ ಪರದೆ ಇಲ್ಲ. ಕಲರ್ ರೋಲ್ ಲ್ಯಾಬ್‌ನಿಂದ ತೊಳೆದು ಬರುವ ತನಕ ಮೂರು ನಾಲ್ಕು ದಿನ ಉಸಿರು ಬಿಗಿ ಹಿಡಿದು ಕಾಯಬೇಕು. ಆ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿದರೆ ಶಟರ್ (ಫಿಲ್ಮ್‌ಗೆ ಬೆಳಕು ಬಿಡುವ ಬಾಗಿಲು) ಸೆಕೆಂಡಿನ 1/60ಕ್ಕಿಂತ ವೇಗ ಇರಬಾರದು. ಗಡಿಬಿಡಿಯಲ್ಲಿ ಡಯಲ್ 1/250ಕ್ಕೆ ತಿರುಗಿಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಫೋಟೋ ಕಪ್ಪು. ಶಟರ್ ಪೂರ್ತಿ ತೆರೆದಿರುವ ಹೊತ್ತಿನಲ್ಲೇ ಫ್ಲ್ಯಾಶ್ ಬೆಳಗಬೇಕು, ವೇಗ ಜಾಸ್ತಿ ಆದರೆ ಅದು ಪೂರ್ತಿ ತೆರೆಯುವುದೇ ಇಲ್ಲ. ಒಂದು ಮದುವೆಯಲ್ಲಿ ಗಂಡಿನ ಕಡೆಯವರ ಅರ್ಧ ಗ್ರೂಪ್ ಫೋಟೋ ಹಾಗೆ ಹೋಗಿದೆ.

ಅದಕ್ಕಿಂತ ದೊಡ್ಡದು ಹೇಳುತ್ತೇನೆ. ಕೊಪ್ಪದ ಹತ್ತಿರ ಒಂದು ತೋಟದ ಮನೆಯಲ್ಲಿ ನಾಮಕರಣ. ತೊಟ್ಟಿಲಿಗೆ ಹಾಕಿದ್ದು, ಕಿವಿಯಲ್ಲಿ ಹೆಸರು ಹೇಳಿದ್ದು, ಅಜ್ಜಿಯರು ಹಾಡು ಹೇಳಿದ್ದು, ಎಲ್ಲ ತೆಗೆದೆ. ಕೌಂಟರ್ 36 ತೋರಿಸಿತು. ರೋಲ್ ಮುಗಿದರೆ ಫಿಲ್ಮ್ ಮುಂದಕ್ಕೆ ಎಳೆಯುವ ಲಿವರ್ ಬಿಗಿಯಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಇನ್ನೊಂದು ಸಲ ಎಳೆದೆ, ತಿರುಗಿತು. ಮತ್ತೆ ಎಳೆದೆ, ಮತ್ತೂ ತಿರುಗಿತು. ಆಗ ಗೊತ್ತಾಯಿತು, ಫಿಲ್ಮ್‌ನ ತುದಿ ಹಲ್ಲಿಗೆ ಕಚ್ಚಿಕೊಂಡೇ ಇಲ್ಲ. ಒಂದು ಫೋಟೋ ಕೂಡ ಬಿದ್ದಿಲ್ಲ. ಕೌಂಟರ್ ಲಿವರ್ ಎಣಿಸುತ್ತದೆ, ಫಿಲ್ಮ್ ಎಣಿಸುವುದಿಲ್ಲ.

ನಾನು ಹಿತ್ತಲಿಗೆ ಹೋಗಿ ಹಂಡೆ ಒಲೆ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒಳಗೆ ಬಂದು ಮನೆಯ ಯಜಮಾನರಿಗೆ ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ದೊಡ್ಡಜ್ಜಿ "ಮಗು ಎದ್ದೇ ಇದೆಯಲ್ಲ, ಇನ್ನೊಂದು ಸಲ ಹಾಕಿದರಾಯ್ತು" ಅಂದರು. ಹೊಸ ರೋಲ್ ಹಾಕಿದೆ. ಮತ್ತೆ ತೊಟ್ಟಿಲಿಗೆ ಹಾಕಿದರು, ಮತ್ತೆ ಹಾಡಿದರು. ಆ ಮಗುವಿನ ಮದುವೆಗೂ ನನ್ನನ್ನೇ ಕರೆದರು.

ಅವತ್ತಿನಿಂದ ಲಿವರ್ ಎಳೆದಾಗಲೆಲ್ಲ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯಾ ಅಂತ ನೋಡುವುದು ರೂಢಿಯಾಯಿತು. ಅದು ತಿರುಗಿದರೆ ಫಿಲ್ಮ್ ಓಡುತ್ತಿದೆ ಅಂತ ಅರ್ಥ. ಭಯ ಹೋಗಲಿಲ್ಲ, ಗುಂಡಿಯ ಮೇಲೆ ಕೂತುಕೊಂಡಿತು ಅನ್ನಬಹುದು.

ನಿನ್ನ ವಿಷಯದಲ್ಲಿ ಕಾರ್ಡ್ ಹೋದದ್ದು ನಿನ್ನ ತಪ್ಪಲ್ಲ. ಒಂಬತ್ತು ದಿನ ಹೇಳದೇ ಇದ್ದದ್ದು ತಪ್ಪು. ಅವತ್ತು ಊಟದ ಹೊತ್ತಿಗೇ ಹೇಳಿದ್ದರೆ ತಾತ ಇನ್ನೂ ಛತ್ರದಲ್ಲೇ ಇರುತ್ತಿದ್ದರು. ಮೊಮ್ಮಗಳ ಪಕ್ಕ ಕೂರಿಸಿ ಇನ್ನೊಂದು ತೆಗೆಯಬಹುದಿತ್ತು. ನೋಯಿಸಲು ಹೇಳುತ್ತಿಲ್ಲ ತಂಗಿ. ಶ್ರಾವಣದ ಮದುವೆ ಬಿಡಬೇಡ.

*

ಎರಡು_ಸ್ಲಾಟ್ (ಹಾಸನ):

ಅಕ್ಕಾ, ಮೊದಲು ಆ ಕಾರ್ಡ್ ವಿಷಯ. ಫಾರ್ಮ್ಯಾಟ್ ಮಾಡಿಲ್ಲ, ಅದರ ಮೇಲೆ ಹೊಸದಾಗಿ ಏನೂ ತೆಗೆದಿಲ್ಲ ಅಲ್ವಾ? ಹಾಗಿದ್ದರೆ ಇನ್ನೂ ಆಸೆ ಇದೆ. ಒಂದು ಅಂಗಡಿಯವರು ಆಗಲ್ಲ ಅಂದ ಮಾತ್ರಕ್ಕೆ ಮುಗಿಯಲಿಲ್ಲ.

ಬಹಳ ಸಲ ಹಾಳಾಗುವುದು ಫೋಟೋ ಅಲ್ಲ. ಯಾವ ಫೋಟೋ ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿ ಹಾಳಾಗಿರುತ್ತದೆ. ಫೋಟೋರೆಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಆ ಪಟ್ಟಿಯನ್ನು ನೋಡುವುದೇ ಇಲ್ಲ. ಕಾರ್ಡನ್ನು ಆ ತುದಿಯಿಂದ ಈ ತುದಿಗೆ ಓದಿ, ಫೋಟೋ ಥರ ಕಂಡದ್ದನ್ನೆಲ್ಲ ಎತ್ತಿ ಕೊಡುತ್ತದೆ. ಫೈಲ್ ಹೆಸರು ಹೋಗಿರುತ್ತದೆ, ಪರವಾಗಿಲ್ಲ. ಕ್ಯಾಮೆರಾದಿಂದ ಕೇಬಲ್ ಹಾಕಬೇಡಿ, ಒಳ್ಳೆಯ ಕಾರ್ಡ್ ರೀಡರ್ ಬಳಸಿ. ಸಿಕ್ಕಿದ್ದನ್ನು ಕಂಪ್ಯೂಟರ್‌ಗೆ ಉಳಿಸಿ, ಅದೇ ಕಾರ್ಡಿಗೆ ಮಾತ್ರ ಬೇಡ. ಕಂಪ್ಯೂಟರ್‌ಗೆ ಕಾರ್ಡ್ ಕಾಣಿಸುವುದೇ ಇಲ್ಲ ಅಂದರೆ ಆಗ ಲ್ಯಾಬ್‌ಗೆ ಕಳಿಸಬೇಕು.

ಇನ್ನೊಂದು ಮುಖ್ಯ ವಿಷಯ. ನೀವು ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದಿದ್ದರೆ ಪ್ರತಿಯೊಂದರ ಒಳಗೂ ಒಂದು ಸಾಮಾನ್ಯ ಜೆಪೆಗ್ ಚಿತ್ರ ಅಡಗಿರುತ್ತದೆ. ಹಿಂದಿನ ಪರದೆಯಲ್ಲಿ ನಾವು ನೋಡುವುದು ಅದನ್ನೇ. ರಾ ಫೈಲ್ ಕೆಟ್ಟಿದ್ದರೂ ಕೆಲವು ಸಲ ಆ ಜೆಪೆಗ್ ಉಳಿದಿರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದನ್ನು ಹೊರಗೆ ತೆಗೆಯಬಹುದು. ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಕೂತು ಮಾಡೋಣ.

ಇನ್ನು ಮುಂದಕ್ಕೆ. ಕಾರ್ಡಿಗೆ ಎರಡು ಜಾಗ ಇರುವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕಿ. ನಿಕಾನ್ ಡಿ750ರಲ್ಲಿ ಎರಡು ಎಸ್‌ಡಿ ಕಾರ್ಡ್ ಹಾಕಬಹುದು. ಕ್ಯಾನನ್ ಲೆನ್ಸ್ ಇದ್ದರೆ 5ಡಿ ಮಾರ್ಕ್ 3 ನೋಡಿ. ಅದರಲ್ಲಿ ಒಂದು ಸಿಎಫ್ (ಇನ್ನೊಂದು ಥರದ ಮೆಮೊರಿ ಕಾರ್ಡ್), ಒಂದು ಎಸ್‌ಡಿ. ಎಸ್‌ಡಿ ಕಡೆ ಸ್ವಲ್ಪ ನಿಧಾನ, ಒಂದೇ ಸಮನೆ ಒತ್ತಿದರೆ ತಡೆಯುತ್ತದೆ. ಮೆನುವಿನಲ್ಲಿ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವ ಹಾಗೆ ಇಡುವುದನ್ನು ಮರೆಯಬೇಡಿ. ಒಂದು ತುಂಬಿದ ಮೇಲೆ ಇನ್ನೊಂದು ಅಂತ ಇಟ್ಟರೆ ಪ್ರಯೋಜನ ಇಲ್ಲ.

ಶ್ರಾವಣದೊಳಗೆ ಕೊಳ್ಳಲು ಆಗದಿದ್ದರೆ ಮುಹೂರ್ತದ ದಿನಕ್ಕೆ ಬಾಡಿಗೆಗೆ ತನ್ನಿ. ಅದೂ ಆಗದಿದ್ದರೆ ಸಣ್ಣ ಕಾರ್ಡ್‌ಗಳನ್ನು ಇಟ್ಟುಕೊಂಡು ಚಪ್ಪರಕ್ಕೆ ಒಂದು, ಧಾರೆಗೆ ಒಂದು, ಮಾಂಗಲ್ಯಕ್ಕೆ ಒಂದು ಅಂತ ಬದಲಿಸಿ. ಹೋದರೂ ಎಲ್ಲ ಒಟ್ಟಿಗೆ ಹೋಗುವುದಿಲ್ಲ.

ಮತ್ತೆ, ಸಕಲೇಶಪುರದ ಮಳೆಗೆ ಲೆನ್ಸ್‌ಗಳನ್ನು ಬ್ಯಾಗ್‌ನಲ್ಲೇ ಬಿಡಬೇಡಿ, ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ತೇವ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು.

*

ಅರಸೀಕೆರೆ_ಸೊಸೆ:

ನಾನು ಫೋಟೋಗ್ರಾಫರ್ ಅಲ್ಲ. ನಮ್ಮ ಯಜಮಾನರು ಈ ಕೆಲಸ ಮಾಡುತ್ತಾರೆ, ಅವರ ಮೊಬೈಲ್‌ನಲ್ಲಿ ಓದಿದೆ. ಬರೆಯದೆ ಇರಲು ಆಗಲಿಲ್ಲ.

ನನ್ನ ತಂಗಿಯ ಮದುವೆ ಫೋಟೋ ಹೋಗಿದೆ. ಮಾಂಗಲ್ಯದ್ದು ಒಂದೂ ಇಲ್ಲ. ತೆಗೆದವರು ಮೂರು ತಿಂಗಳು ಫೋನ್ ಎತ್ತಲಿಲ್ಲ. ಎತ್ತಿದಾಗ ಎಡಿಟಿಂಗ್ ನಡೀತಿದೆ ಅಂದರು. ಅಮ್ಮ ದಿನಾ ಕೇಳುತ್ತಿದ್ದರು, ಆಲ್ಬಂ ಬಂತಾ ಅಂತ. ಬಂದ ನೆಂಟರಿಗೆಲ್ಲ ಮುಂದಿನ ವಾರ ತೋರಿಸುತ್ತೇನೆ ಅನ್ನುತ್ತಿದ್ದರು. ಕೊನೆಗೆ ನಿಜ ಗೊತ್ತಾದಾಗ ಫೋಟೋ ಹೋದದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಅಮ್ಮ ಹಾಗೆ ಕಾದದ್ದಕ್ಕೆ.

ಆಮೇಲೆ ನಾವೇ ನೆಂಟರ ಮೊಬೈಲ್‌ನಿಂದೆಲ್ಲ ಕೇಳಿ ತರಿಸಿಕೊಂಡೆವು. ತಿಪಟೂರಿನ ಒಬ್ಬ ಹುಡುಗ ಊಟದ ಹಾಲ್ ಬಾಗಿಲಿನಿಂದ ತೆಗೆದದ್ದು ಸಿಕ್ಕಿತು. ಮಸುಕಾಗಿದೆ, ಮುಂದೆ ಒಬ್ಬರ ಭುಜ ಇದೆ, ಆದರೂ ಕೊರಳಿಗೆ ಕೈ ಹೋದದ್ದು ಕಾಣುತ್ತದೆ. ಅದನ್ನೇ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದ್ದೇವೆ.

ಅಕ್ಕಾ, ನೀವು ಒಂಬತ್ತನೇ ದಿನವಾದರೂ ಹೇಳಿದ್ದೀರಿ. ಆ ಮನೆಯವರು ತಾತ ಧಾರೆ ಎರೆದ ಹೊತ್ತಿನಲ್ಲಿ ಮೊಬೈಲ್ ಹಿಡಿದವರು ಯಾರು ಅಂತ ನೆಂಟರಲ್ಲಿ ಕೇಳಿದ್ದಾರಾ? ನೀವೇ ಅವರ ಜೊತೆ ಕೂತು ಹುಡುಕಬಹುದು. ನಮಗೆ ಹಾಗೆ ಯಾರಾದರೂ ಬಂದು ಜೊತೆಯಲ್ಲಿ ಹುಡುಕಿದ್ದರೆ ಅಮ್ಮನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

*

ಹೇಮಾವತಿ_ದಂಡೆ (ಹನ್ನೊಂದು ದಿನದ ನಂತರ):

ಎಲ್ಲರಿಗೂ ಕೈ ಮುಗಿಯುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಹಾಸನದ ತಮ್ಮ ಫೋನ್‌ನಲ್ಲೇ ಎಲ್ಲ ಹೇಳಿಕೊಟ್ಟ. ಫೋಟೋರೆಕ್ ರಾತ್ರಿಯಿಡೀ ಓಡಿತು. ನಾನೂ ಅಪ್ಪನೂ ಪಕ್ಕದಲ್ಲೇ ಕೂತಿದ್ದೆವು. ಹೊರಗೆ ಮಳೆ, ಎರಡು ಸಲ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಕೈಬಿಡಲಿಲ್ಲ. 61 ಫೈಲ್ ಸಿಕ್ಕಿದವು. ಕೆಲವು ಮೇಲಿನ ಅರ್ಧ ಸರಿ ಇವೆ, ಕೆಳಗೆ ಬರೀ ಬೂದು ಬಣ್ಣ. ತಾತನ ರಾ ಫೈಲ್ ತೆರೆಯಲಿಲ್ಲ. ಒಳಗಿನ ಜೆಪೆಗ್ ತೆಗೆದೆವು. ಅದು ಬಂತು. ಮುಕ್ಕಾಲು ಭಾಗ ಬಂತು. ತಾತನ ಮುಖ ಇದೆ, ಚೊಂಬು ಇದೆ, ಮೊಮ್ಮಗಳು ನೋಡುತ್ತಿರುವುದು ಇದೆ. ಹಾಲು ಬಿದ್ದ ಕೈಗಳು ಇರಬೇಕಾದ ಜಾಗ ಬೂದು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಕೆಳಗಿನದನ್ನು ಕತ್ತರಿಸಿ ಪ್ರಿಂಟ್ ಹಾಕು ಅಂದರು.

8 ಇಂಚು ಅಗಲಕ್ಕೆ ಹಾಕಿಸಿದ್ದೇನೆ. ಲ್ಯಾಮಿನೇಶನ್ ಬೇಡ ಅಂದೆ, ಮರದ ಫ್ರೇಮ್ ಕಟ್ಟಿಸಿದೆ. ಉಳಿದ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಅರಸೀಕೆರೆ ತಂಗಿ ಹೇಳಿದ ಹಾಗೆ ನೆಂಟರ ಮೊಬೈಲ್ ಬಗ್ಗೆಯೂ ಕೇಳಬೇಕು ಅಂತಿದ್ದೇನೆ.

ಶ್ರಾವಣದ ಮೊದಲ ಮದುವೆಗೆ ಡಿ750 ಬಾಡಿಗೆಗೆ ತಂದಿದ್ದೆ. ನನ್ನ ಲೆನ್ಸ್ ಅದಕ್ಕೆ ಆಗುವುದಿಲ್ಲ, ಲೆನ್ಸ್ ಕೂಡ ಬಾಡಿಗೆಗೇ ತಂದೆ. ಬಟನ್‌ಗಳ ಜಾಗ ಬೇರೆ, ಹಿಂದಿನ ದಿನವೆಲ್ಲ ಅಭ್ಯಾಸ ಮಾಡಿದೆ. ರಾತ್ರಿ ನಿದ್ದೆ ಬಂದದ್ದು ಎರಡೇ ಗಂಟೆ. ಆದರೆ ಕನಸು ಬೀಳಲಿಲ್ಲ.

ಈಗ ಇನ್ನೊಂದು ಕೇಳಬೇಕು. ಆ ಮನೆ ಆಲೂರಿನ ಹತ್ತಿರ. ಭಾನುವಾರ ಹೋಗಬೇಕು ಅಂತಿದ್ದೇನೆ. ಮೊದಲೇ ಫೋನ್ ಮಾಡಿದರೆ ಬೇಡ ಅನ್ನುತ್ತಾರೇನೋ ಅಂತ ಹೆದರಿಕೆ. ಹೇಳದೆ ಹೋದರೆ, ಮನೆಯವರೆಲ್ಲ ಅಳುವ ಹಾಗೆ ಮಾಡಿಬಿಡುತ್ತೇನೇನೋ ಅಂತ ಇನ್ನೊಂದು ಹೆದರಿಕೆ. ಏನು ಮಾಡಲಿ?

*

ಹಳೇ_ರೋಲ್ (ಚಿಕ್ಕಮಗಳೂರು):

ಫೋನ್ ಮಾಡಿಯೇ ಹೋಗಮ್ಮ. ಹುಡುಗಿಯ ತಂದೆಗೇ ಮಾಡು. ಫೋಟೋ ಮುಕ್ಕಾಲು ಮಾತ್ರ ಇದೆ, ಕೆಳಗೆ ಕತ್ತರಿಸಿದ್ದೇನೆ ಅಂತ ಮೊದಲೇ ಹೇಳು. ಅಪ್ಪನನ್ನೂ ಕರೆದುಕೊಂಡು ಹೋಗು. ಮಂಡಿ ನೋವು ಅಂತೀಯ, ಬಸ್ಸು ಬೇಡ, ಆಟೋ ಮಾಡಿಸು.