ಬಿಸುವಿಗೆ (ಏಪ್ರಿಲ್ ನಡುವಿನ ಹೊಸವರ್ಷಕ್ಕೆ) ಕೊಯ್ದ ಸೌತೆಕಾಯಿ ಪತ್ತನಾಜೆಗೇ (ಮೇ ಕೊನೆಗೇ) ಕೊಳೆಯುತ್ತಿದೆ, ಎಲ್ಲಿ ತಪ್ಪಿದೆ?

ಹಿತ್ತಿಲಬಾಗಿಲು, ಪೆರ್ಲ

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡು ಕಡೆಯ ನಮ್ಮ ಊರಿಗೆ ವಾಪಸ್ ಬಂದು ಎರಡು ವರ್ಷ ಆಯಿತು. ಮನೆಯ ಕೆಳಗೆ ಅರ್ಧ ಗದ್ದೆ ಸುಮ್ನೆ ಬಿದ್ದಿತ್ತು. ಈ ವರ್ಷ ಮಕರ ಸಂಕ್ರಮಣ ಕಳೆದು ಎರಡು ವಾರಕ್ಕೆ ಸಾಲು ತೆಗೆದು ಸೌತೆ, ಅಲಸಂಡೆ, ಬೆಂಡೆ, ಹಾಗಲ ಹಾಕಿದೆವು. ಸೌತೆ ಅಂದರೆ ಸಾಂಬಾರು ಸೌತೆ, ಮುಳ್ಳುಸೌತೆ ಅಲ್ಲ. ಬಳ್ಳಿ ನೋಡಿದರೆ ದೃಷ್ಟಿ ತಾಗುವ ಹಾಗೆ ಬಂತು. ಬಿಸು ಕಣಿಗೆ (ಹಬ್ಬದ ಬೆಳಿಗ್ಗೆ ಮೊದಲು ನೋಡಲು ಜೋಡಿಸಿಡುವ ಫಲವಸ್ತುಗಳಿಗೆ) ಬೇಕಲ್ವಾ, ಅದಕ್ಕೆ ಏಪ್ರಿಲ್ 12ಕ್ಕೆ ಎಲ್ಲವನ್ನೂ ಒಂದೇ ದಿನ ಕೊಯ್ದೆವು. ನೆಂಟರಿಗೆ ಕೊಟ್ಟು, ಪೇಟೆಯ ಅಂಗಡಿಗೂ ಒಂದಿಷ್ಟು ಹಾಕಿ, 42 ಕಾಯಿ ಮಳೆಗಾಲಕ್ಕೆ ಅಂತ ಇಟ್ಟುಕೊಂಡೆ.

ಅತ್ತೆ ಹೇಳಿಕೊಟ್ಟ ಹಾಗೆ ಬಾಳೆಬಳ್ಳಿಯಲ್ಲಿ ಒಂದಕ್ಕೊಂದು ತಾಗದಂತೆ ಕಟ್ಟಿ, ಉಗ್ರಾಣದ ಕೋಣೆಯಲ್ಲಿ ಕಬ್ಬಿಣದ ಸಲಾಕೆಗೆ ನೇತು ಹಾಕಿದ್ದೇನೆ. ಮೊದಲ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನೆಲದಲ್ಲಿ ಅಂಟು ಅಂಟು ನೀರು, ಅದರ ಸುತ್ತ ಇರುವೆ. ಮೇಲೆ ನೋಡಿದರೆ ಒಂದು ಕಾಯಿಯಲ್ಲಿ ತೊಟ್ಟಿನ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಕಲೆ. ಬೆರಳಿಟ್ಟರೆ ಬೆರಳು ಒಳಗೇ ಹೋಯಿತು. ಆಮೇಲೆ ದಿನಕ್ಕೊಂದು, ಎರಡು. ಕಳೆದ ಮಂಗಳವಾರ ಒಂದೇ ದಿನ ಆರು ಹೋದವು. ಈಗ ಉಳಿದದ್ದು 17. ಹಳೆಮನೆಯಲ್ಲಿ ಆಟಿ ತಿಂಗಳ ಜಡಿಮಳೆ ಕಳೆದು ಚೌತಿಯವರೆಗೂ ಸೌತೆ ನೇತಾಡುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಮ್ಮದು ಯಾಕೆ ನಿಲ್ಲುವುದಿಲ್ಲ?

ಇನ್ನೊಂದು ಪ್ರಶ್ನೆ. ಅಲಸಂಡೆ ತಿಂದು ಮುಗಿಯದಷ್ಟು ಇದೆ. ಒಂದು ವಿಡಿಯೋದಲ್ಲಿ ಅಲಸಂಡೆಯನ್ನು ಅರ್ಧ ಬೇಯಿಸಿ, ಗಾಜಿನ ಬಾಟಲಿಗೆ ತುಂಬಿ, ಮೇಲೆ ಎಣ್ಣೆ ಹೊಯ್ದು ಗಟ್ಟಿ ಮುಚ್ಚಳ ಹಾಕಿಟ್ಟರೆ ಆರು ತಿಂಗಳು ಇರುತ್ತದೆ ಅಂತ ತೋರಿಸಿದ್ದರು. ಯಾರಾದರೂ ಮಾಡಿ ನೋಡಿದ್ದೀರಾ?

ಮುಳ್ಳೇರಿಯದ ಮಾಣಿ

ಅಕ್ಕಾ, ಮೂರು ವಿಷಯ ಹೇಳಿ. ಕೊಯ್ಯುವಾಗ ತೊಟ್ಟು ಎಷ್ಟು ಬಿಟ್ಟಿರಿ? ಕೊನೆಯ ನೀರು ಯಾವಾಗ ಹಾಕಿದ್ದು? ಗೊಬ್ಬರ ಏನು?

ಬೀಜ ಎಲ್ಲಿಂದ ತಂದದ್ದು ಅಂತಲೂ ಹೇಳಿ. ನಾನು ಮೊದಲ ವರ್ಷ ಪ್ಯಾಕೆಟ್ ಬೀಜ ತಂದಾಗ ಎಲ್ಲ ಮಲಯಾಳದಲ್ಲೇ ಇತ್ತು. ‘ವೆಳ್ಳರಿ’ ಅಂದರೆ ನಮ್ಮ ಸೌತೆ ಅಂತ ಗೊತ್ತಿತ್ತು, ಖುಷಿಯಲ್ಲಿ ಹಾಕಿದೆ. ಅದರ ಹಿಂದೆ ‘ಸಲಾಡ್’ ಅಂತ ಇದ್ದದ್ದನ್ನು ಓದಲೇ ಇಲ್ಲ. ಎರಡು ತಿಂಗಳು ನೀರು ಹೊತ್ತು ಮುಳ್ಳುಸೌತೆ ಬೆಳೆಸಿದೆ. ಅದನ್ನು ಮಾಡಿಗೆ (ಸೂರಿಗೆ) ಕಟ್ಟಿದರೆ ವಾರಕ್ಕೇ ಚಟ್ನಿ. ಎರಡೂ ಸೌತೆ ಅಂತ ಕರೆದರೂ ಜಾತಿ ಬೇರೆ. ಸಾಂಬಾರು ಸೌತೆ ಕರ್ಬೂಜದ ಜಾತಿಯದ್ದು, ಅದರ ಸಿಪ್ಪೆ ಬಲಿತು ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ನಿಲ್ಲುತ್ತದೆ.

ಕುಂಬಳೆ ಹೊಳೆ

ನನಗೆ ಕಾರಣ ಕೋಣೆಯೇ ಅಂತ ಅನಿಸುತ್ತದೆ. ಹಳೆಮನೆಯಲ್ಲಿ ಸೌತೆ ನಿಂತದ್ದು ಬಾಳೆಬಳ್ಳಿಯಿಂದ ಅಲ್ಲ, ಹೊಗೆಯಿಂದ. ಅಡಿಗೆಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಟ್ಟಿಗೆ ಒಲೆ ಉರಿಯುತ್ತಿತ್ತು, ಹಂಚಿನ ಮಾಡು, ಪಕ್ಕಾಸಿನಲ್ಲೆಲ್ಲ ಇಲ್ಲಣ (ಹೊಗೆಮಸಿ), ಆ ಇಲ್ಲಣದ ಮಧ್ಯೆ ಸೌತೆ, ಕುಂಬಳಕಾಯಿ, ಚೀನಿಕಾಯಿ. ಹೊಗೆಯ ಬಿಸಿಗೆ ತೊಟ್ಟು ಒಣಗಿ ಕಡ್ಡಿಯಾಗುತ್ತಿತ್ತು, ಸಿಪ್ಪೆಯ ಮೇಲೆ ತೇವ ನಿಲ್ಲುತ್ತಿರಲಿಲ್ಲ, ಬೂಸ್ಟು ಹಿಡಿಯುತ್ತಿರಲಿಲ್ಲ, ನೊಣ ಹತ್ತಿರ ಬರುತ್ತಿರಲಿಲ್ಲ. ನಾವು ಗ್ಯಾಸ್ ತಂದೆವು, ತಾರಸಿ ಹಾಕಿದೆವು, ಇಲ್ಲಣ ಹೋಯಿತು ಅಂತ ಖುಷಿಪಟ್ಟೆವು. ಜೊತೆಗೆ ಸೌತೆಯೂ ಹೋಯಿತು. ಕಬ್ಬಿಣದ ಸಲಾಕೆ ಅಂದಿರಿ, ಹಾಗಾದರೆ ನಿಮ್ಮ ಉಗ್ರಾಣ ತಾರಸಿಯದ್ದೇ ಇರಬೇಕು. ಕಿಟಕಿ ಮುಚ್ಚಿರುತ್ತೀರಿ, ಅಲ್ವಾ? ಮೇ ಕೊನೆಯ ಸೆಕೆಗೆ ಅಂಥ ಕೋಣೆಯೊಳಗೆ ಗೋಡೆಯೂ ಬೆವರುತ್ತದೆ.

ನಿಮ್ಮಲ್ಲಿ ಬಚ್ಚಲಿಗೆ ಹಂಡೆ ಒಲೆ ಇದೆಯಾ? ನಮ್ಮಲ್ಲಿ ಇನ್ನೂ ಅಡಿಕೆ ಸೋಗೆ, ತೆಂಗಿನ ಕೊತ್ತಳಿಗೆ ಉರಿಸಿಯೇ ನೀರು ಕಾಯಿಸುವುದು. ಅದರ ಪಕ್ಕದ ಜಗಲಿಯಲ್ಲಿ ಹೊಗೆ ಹಾದುಹೋಗುವ ಕಡೆ ಕಟ್ಟಿದ್ದೇವೆ. ಹಂಡೆಯ ನೇರ ಮೇಲೆ ಕಟ್ಟಬೇಡಿ, ಅಲ್ಲಿ ಹೊಗೆಗಿಂತ ಹಬೆ ಜಾಸ್ತಿ. ಹೋದ ವರ್ಷ ಕೊನೆಯದ್ದನ್ನು ನಾಗರಪಂಚಮಿಗೆ ಹುಳಿ ಮಾಡಿದ್ದು.

ಮುರಕಲ್ಲು

ಹೊಗೆ ಸರಿ. ಆದರೆ ಗದ್ದೆಯಲ್ಲೇ ನೊಣ ಕುತ್ತಿದ ಕಾಯಿಯನ್ನು ಯಾವ ಹೊಗೆಯೂ ಉಳಿಸುವುದಿಲ್ಲ. ಹಾಳಾಗಲು ಶುರುವಾದ ಒಂದು ಕಾಯಿಯನ್ನು ಕೊಯ್ದು ನೋಡಿ. ಒಳಗೆ ಬಿಳಿ ಹುಳ ಇದ್ದು, ಅಂಗೈಯಲ್ಲಿಟ್ಟರೆ ಬಿಲ್ಲಿನಂತೆ ಬಾಗಿ ಟಪ್ ಅಂತ ಹಾರಿದರೆ ಅದು ಹಣ್ಣುನೊಣ. ಎಳೆ ಮಿಡಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ, ಹೊರಗೆ ಸೂಜಿಮೊನೆಯಷ್ಟೇ ಗುರುತು, ಅದರ ಮೇಲೆ ಒಂದು ಹನಿ ಅಂಟು. ಹುಳ ಬೆಳೆದು ಮಣ್ಣಿಗೆ ಬಿದ್ದು ಕೋಶ ಕಟ್ಟುತ್ತದೆ. ಆದ್ದರಿಂದ ಹುಳ ಹಿಡಿದ ಮಿಡಿಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ, ಬಕೆಟ್ ನೀರಿನಲ್ಲಿ ಮುಳುಗಿಸಿಡಿ ಇಲ್ಲವೇ ಸುಡಿ.

ಮುಂದಿನ ಸಲ ಹೂ ಬಿಡುವ ಹೊತ್ತಿಗೇ ಮೋಹಕ ಬಲೆ (ವಾಸನೆಗೆ ನೊಣ ಬಂದು ಬೀಳುವ ಡಬ್ಬಿ) ನೇತು ಹಾಕಿ. ಸೌತೆ, ಹಾಗಲ, ಪಡುವಲದ ನೊಣಕ್ಕೆ ಕ್ಯೂಲ್ಯೂರ್ ಅನ್ನುವ ವಾಸನೆಮದ್ದು. ಮಾವಿನ ನೊಣಕ್ಕೆ ಮಿಥೈಲ್ ಯೂಜಿನಾಲ್. ಹೆಸರು ಓದಿ ತನ್ನಿ. ನಾನು ಅಂಗಡಿಯವರು ಕೊಟ್ಟದ್ದನ್ನು ತಂದು ಒಂದು ಬೇಸಿಗೆ ಪೂರ್ತಿ ಹಾಗಲ ಚಪ್ಪರದಲ್ಲಿ ಮಾವಿನ ಬಲೆ ತೂಗಿಸಿದ್ದೆ. ಡಬ್ಬಿ ತುಂಬ ನೊಣ ಬೀಳುತ್ತಿತ್ತು, ನಾನು ದಿನಾ ನೋಡಿ ಬೀಗುತ್ತಿದ್ದೆ, ಹಾಗಲ ಮಾತ್ರ ಒಂದೊಂದಾಗಿ ಹಳದಿಯಾಗಿ ಉದುರುತ್ತಿತ್ತು. ಬಿದ್ದದ್ದೆಲ್ಲ ಪಕ್ಕದ ಮಾವಿನಮರದ ನೊಣ!

ಅಲಸಂಡೆಯ ಹೇನಿಗೆ ಯಾರಾದರೂ ವಿಷದ ಹೆಸರು ಹೇಳುವ ಮೊದಲೇ ಹೇಳುತ್ತೇನೆ, ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದದ್ದನ್ನು ಕಂಡ ಊರು ನಮ್ಮದು. ಒಂದು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿದ ರಸ, 5 ಗ್ರಾಂ ಬಾರ್ ಸೋಪು. ಸೋಪು ಮೊದಲು ಬಿಸಿನೀರಿನಲ್ಲಿ ಕರಗಬೇಕು, ಇಲ್ಲದಿದ್ದರೆ ಎಣ್ಣೆ ಮೇಲೆಯೇ ತೇಲುತ್ತದೆ. ಸಂಜೆ ಹೊತ್ತು ಎಲೆಯ ಅಡಿಗೆ ತಾಗುವ ಹಾಗೆ ಹೊಡೆಯಿರಿ. ನವಿಲಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಹಿತ್ತಿಲಬಾಗಿಲು, ಪೆರ್ಲ

ನಿಮ್ಮೆಲ್ಲರ ಉತ್ತರ ಓದಿ ಚಾಕು ಹಿಡಿದು ಉಗ್ರಾಣಕ್ಕೆ ಹೋದೆ. ಕಲೆ ಬಿದ್ದ ಎರಡು ಕಾಯಿ ಕೊಯ್ದು ನೋಡಿದೆ. ಹುಳ ಇಲ್ಲ. ಒಂದರ ಬೀಜ ಬಲಿತಿದೆ, ಇನ್ನೊಂದರಲ್ಲಿ ಬೀಜ ಚಪ್ಪಟೆ, ಉಗುರಿನಲ್ಲಿ ಒತ್ತಿದರೆ ಒಡೆಯುತ್ತದೆ. ಎರಡಕ್ಕೂ ತೊಟ್ಟೇ ಇಲ್ಲ! ತೊಟ್ಟು ಇರಬೇಕಾದ ಜಾಗದಲ್ಲಿ ಒಂದು ಗುಳಿ, ಕೊಳೆತದ್ದು ಅಲ್ಲಿಂದಲೇ ಶುರು. ನೆನಪಾಯಿತು, ಆ ದಿನ ಮಗ ಮತ್ತು ಅವನ ಭಾವನ ಮಕ್ಕಳು ಸೇರಿ ಯಾರು ಜಾಸ್ತಿ ಕೊಯ್ಯುತ್ತಾರೆ ಅಂತ ಪಂಥ ಕಟ್ಟಿ, ತಿರುಚಿ ತಿರುಚಿ ಕಿತ್ತದ್ದು. ನಾನು ಪಾಯಸಕ್ಕೆ ಕಾಯಿ ತುರಿಯುತ್ತಿದ್ದೆ.

ಮಾಣಿಗೆ ಉತ್ತರ: ಕೊನೆಯ ನೀರು ಏಪ್ರಿಲ್ 11ರ ಸಂಜೆ. ನೆಲಗಡಲೆ ಹಿಂಡಿ ಕೊಳೆಸಿದ ನೀರನ್ನು ವಾರಕ್ಕೊಮ್ಮೆ ಕೊನೆಯವರೆಗೂ ಕೊಟ್ಟಿದ್ದೇವೆ. ಬೀಜ ಅತ್ತೆಯ ತಂಗಿಯ ಮನೆಯದ್ದು. ಕೋಣೆ ಹೊಳೆಯವರು ಹೇಳಿದ ಹಾಗೆಯೇ, ತಾರಸಿಯದ್ದು. ಬೆಕ್ಕು ಬರುತ್ತದೆ ಅಂತ ಕಿಟಕಿ ಮುಚ್ಚಿದ್ದೆ.

ಮುಳ್ಳೇರಿಯದ ಮಾಣಿ

ಹಾಗಾದರೆ ಕತೆ ಮುಗಿಯಿತು 😀 ಕಾಯಿಯ ಸಿಪ್ಪೆ ಎಷ್ಟೇ ಗಟ್ಟಿ ಇದ್ದರೂ ತೊಟ್ಟು ಕಿತ್ತ ಜಾಗ ತೆರೆದ ಬಾಗಿಲು. ಕತ್ತಿಯಲ್ಲಿ ಎರಡು ಇಂಚು ತೊಟ್ಟು ಬಿಟ್ಟು ಕೊಯ್ಯಬೇಕು, ಆ ತೊಟ್ಟು ಹಿಡಿದು ಎತ್ತಲೂ ಬಾರದು. ಕೊಯ್ಯುವುದಕ್ಕೆ ವಾರ, ಹತ್ತು ದಿನ ಮೊದಲೇ ನೀರು ನಿಲ್ಲಿಸಬೇಕು. ಹಿಂಡಿ ನೀರು ಕಾಯಿ ಹಿಡಿಯುವವರೆಗೆ ಸಾಕು. ಆಮೇಲೂ ಕೊಟ್ಟರೆ ಕಾಯಿ ಉಬ್ಬುತ್ತದೆ, ತೂಕ ಬರುತ್ತದೆ, ಮಾರುವವರಿಗೆ ಲಾಭ, ಇಡುವವರಿಗೆ ನಷ್ಟ. ನಾವು ಆ ಹೊತ್ತಿಗೆ ಬುಡಕ್ಕೆ ಸುಡುಮಣ್ಣು ಮಾತ್ರ ಏರಿಸುತ್ತೇವೆ.

ಇನ್ನೊಂದು, ಬಿಸುವಿಗೆ ಅಂತ ಎಲ್ಲ ಒಟ್ಟಿಗೆ ಕೊಯ್ದದ್ದೂ ತಪ್ಪು. ಕಣಿಗೆ ಚಂದದ್ದು ಎರಡು ಸಾಕಲ್ವಾ. ಒಂದು ಬಳ್ಳಿಯಲ್ಲೇ ಬಲಿತದ್ದು, ಎಳತು ಎರಡೂ ಇರುತ್ತವೆ. ಹಸಿರು ಪಟ್ಟೆ ಮಾಸಿ ಮೈಯೆಲ್ಲ ಹಳದಿ ತಿರುಗಿ, ಉಗುರು ಊರಿದರೆ ಇಳಿಯಬಾರದು. ಅಂಥದ್ದು ಮಾತ್ರ ಮಾಡಿಗೆ. ಉಳಿದದ್ದು ಸಾಂಬಾರಿಗೆ.

ಬದಿಯಡ್ಕದ ದೊಡ್ಡಮ್ಮ

ಮಗಳೇ, ಸೌತೆಯ ವಿಷಯ ಅವರೆಲ್ಲ ಹೇಳಿದರು, ನಾನು ಬಾಟಲಿಯದ್ದು ಹೇಳುತ್ತೇನೆ. ಅದನ್ನು ಮಾಡಬೇಡ. ಹುಳಿ ಇಲ್ಲ, ಸಾಕಷ್ಟು ಉಪ್ಪಿಲ್ಲ, ಮೇಲೆ ಎಣ್ಣೆ ಹೊಯ್ದು ಗಾಳಿ ಬಂದ್ ಮಾಡಿದ ತರಕಾರಿಯಲ್ಲಿ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕೆ ಗಾಳಿ ಇಲ್ಲದ ಜಾಗವೇ ಬೇಕು. ಕುದಿಯುವ ನೀರಿಗೂ ಅದರ ಬೀಜಾಣು ಸಾಯುವುದಿಲ್ಲ. ವಾಸನೆ, ರುಚಿ ಏನೂ ಕೆಡದೆಯೂ ವಿಷ ಆಗಿರಬಹುದು. ನನ್ನ ಮಗಳು ನರ್ಸ್, ಅವಳೇ ನನಗೆ ಕೂರಿಸಿ ಹೇಳಿದ್ದು. ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಆದರೆ ಅವರು ಇಟ್ಟದ್ದೆಲ್ಲ ಒಂದೋ ಉಪ್ಪಿನಲ್ಲಿ, ಒಂದೋ ಹುಳಿಯಲ್ಲಿ, ಇಲ್ಲವೇ ಬಿಸಿಲಿಗೆ ಗರಿಗರಿ ಒಣಗಿಸಿ.

ಅಲಸಂಡೆ, ಹಾಗಲ, ಮೆಣಸು ಮೂರನ್ನೂ ಬಾಳಕ ಮಾಡು. ಮೆಣಸಾದರೆ ಉದ್ದಕ್ಕೆ ಒಂದು ಸೀಳು, ತೊಟ್ಟು ಇರಲಿ. ಹಾಗಲ ಬಿಲ್ಲೆ. ಅಲಸಂಡೆಯನ್ನು ಬೆರಳುದ್ದ ಮುರಿದು ಉಪ್ಪುನೀರಿನಲ್ಲಿ ಒಂದು ಕುದಿ ಬರಿಸಿ ಬಸಿ. ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಉಪ್ಪು ಹಾಕಿ ರಾತ್ರಿ ಅದರಲ್ಲಿ ಮುಳುಗಿಸು, ಬೆಳಿಗ್ಗೆ ಹಿಂಡಿ ಬಿಸಿಲಿಗೆ ಹಾಕು, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಮುಗಿಯುವವರೆಗೆ ಹೀಗೆಯೇ, ನಾಲ್ಕು ದಿನ ಹಿಡಿಯುತ್ತದೆ. ಆಮೇಲೆ ಬರೀ ಬಿಸಿಲು. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಅನ್ನಬೇಕು. ಡಬ್ಬಿಗೆ ಹಾಕಿದ ಎರಡನೇ ದಿನ ಮುಚ್ಚಳದ ಒಳಗೆ ಮಂಜಿನ ಹಾಗೆ ಕಂಡರೆ ಒಣಗಿಲ್ಲ ಅಂತ ಅರ್ಥ, ಮತ್ತೆ ಬಿಸಿಲಿಗೆ ಹಾಕು.

ಈಗ ಬಿಸಿಲು ಎಲ್ಲಿದೆ ಅಂತ ಕೇಳಬೇಡ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಯಾರ ಮನೆಯಲ್ಲಾದರೂ ಇದೆಯಲ್ಲ, ಅಲ್ಲಿ ಒಂದು ಮೂಲೆ ಕೇಳು. ಮೇ ತಿಂಗಳು ಮೋಡ ಕಟ್ಟಿದ ದಿನ ನನ್ನ ಬಾಳಕಕ್ಕೆ ಅದೇ ಗತಿ.

ಹಲಸಿನಕಾಯಿ ಇನ್ನೂ ಸಿಗುತ್ತದೆ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಹಾಕಿದ್ದೀಯಾ? ಬಲಿತ ಬಕ್ಕೆ (ಗಟ್ಟಿ ಸೊಳೆಯ ಹಲಸು) ಆಗಬೇಕು, ಹಣ್ಣಿನ ವಾಸನೆ ಬಂದದ್ದು ಬೇಡ. ನಾನು ಹತ್ತು ಸೇರು ಸೊಳೆಗೆ ಒಂದೂವರೆ ಸೇರು ಕಲ್ಲುಪ್ಪು ಹಾಕುತ್ತೇನೆ. ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು, ಮೇಲೆ ಬಾಳೆಎಲೆ ಮುಚ್ಚಿ ತೊಳೆದ ಕಲ್ಲು ಹೇರು. ಮೂರ್ನಾಲ್ಕು ದಿನಕ್ಕೆ ಉಪ್ಪುನೀರು ಬಿಟ್ಟು ಸೊಳೆ ಮುಳುಗಬೇಕು. ಮುಳುಗದೆ ಮೇಲೆ ನಿಂತದ್ದೇ ಬೂಸ್ಟು ಹಿಡಿಯುವುದು. ಆಟಿಯಲ್ಲಿ ರಾತ್ರಿ ನೀರಿಗೆ ಹಾಕಿ, ನೀರು ಬದಲಿಸಿ, ಹಿಂಡಿ ರೊಟ್ಟಿ ತಟ್ಟು. ಉಂಡ್ಲಕಾಳು (ಸಣ್ಣ ಉಂಡೆ ಕಟ್ಟಿ ಕರಿದದ್ದು) ಮಾಡಿದರೆ ಮಕ್ಕಳು ಪಂಥ ಕಟ್ಟುವುದು ಅದಕ್ಕೇ ಆಗುತ್ತದೆ.

ಕುಂಬಳೆ ಹೊಳೆ

ದೊಡ್ಡಮ್ಮಾ, ಹತ್ತಕ್ಕೆ ಒಂದೂವರೆಯಾ? ನಮ್ಮಲ್ಲಿ ಹತ್ತಕ್ಕೆ ಒಂದು.

ಬದಿಯಡ್ಕದ ದೊಡ್ಡಮ್ಮ

ನಿಮ್ಮದು ಚೌತಿಗೆ ಮುಗಿಯುತ್ತದೆ, ನನ್ನದು ದೀಪಾವಳಿಗೂ ಇರುತ್ತದೆ. ಉಪ್ಪು ನೀರಿನಲ್ಲಿ ಬಿಡುತ್ತದೆ ಮಗಾ, ಬೂಸ್ಟು ಬಿಡುವುದಿಲ್ಲ.

ಹಿತ್ತಿಲಬಾಗಿಲು, ಪೆರ್ಲ

ಬಾಟಲಿ ವಿಚಾರ ಬಿಟ್ಟೆ. ಇವತ್ತು 17ನ್ನೂ ಇಳಿಸಿ ನೋಡಿದೆ. ತೊಟ್ಟು ಇದ್ದದ್ದು ಒಂಬತ್ತೇ, ಅವು ನಾನು ಕತ್ತಿಯಲ್ಲಿ ಕೊಯ್ದವು ಇರಬೇಕು. ಒಂಬತ್ತನ್ನೂ ಒಣ ಬಟ್ಟೆಯಲ್ಲಿ ಒರೆಸಿ ಹಂಡೆ ಒಲೆಯ ಪಕ್ಕದ ಜಗಲಿಗೆ ಕಟ್ಟಿದ್ದೇನೆ. ಉಳಿದ ಎಂಟರಲ್ಲಿ ಮೂರು ಸಾಂಬಾರಿಗೆ, ಎರಡು ದೋಸೆಗೆ, ಎರಡು ಪಕ್ಕದ ಮನೆಗೆ ಹೋದವು. ಚೆನ್ನಾಗಿ ಬಲಿತ ಒಂದನ್ನು ಬೀಜಕ್ಕೆ ಕೊಯ್ದೆ.

ಬೀಜಕ್ಕೆ ಬೂದಿ ಕಲಸಿ, ಸೆಗಣಿಯಲ್ಲಿ ಬಿಲ್ಲೆ ಮಾಡಿ ಗೋಡೆಗೆ ಬಡಿಯಬೇಕು ಅಂತ ಅತ್ತೆ ಹೇಳುತ್ತಾರೆ. ಹೋದ ತಿಂಗಳಷ್ಟೇ ಪೇಂಟ್ ಮಾಡಿಸಿದ ಗೋಡೆ. ಮನೆಯವರು ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಬೇರೆ ದಾರಿ ಇದೆಯಾ?

ಮುರಕಲ್ಲು

ಅಡಿಕೆ ಹಾಳೆಗೆ ಬಡಿಯಿರಿ ಅಕ್ಕಾ, ಆ ಹಾಳೆಯನ್ನೇ ಸೌತೆಯ ಪಕ್ಕ ಹೊಗೆಗೆ ತೂಗಿಸಿ. ಬೀಜವನ್ನು ಮೊದಲು ಎರಡು ದಿನ ತಿರುಳಿನ ಜೊತೆಯೇ ಬಿಟ್ಟು ಲೋಳೆ ಕಳಚಿದ ಮೇಲೆ ತೊಳೆಯಿರಿ, ನೀರಿನಲ್ಲಿ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಮಾತ್ರ ನೆರಳಲ್ಲಿ ಆರಿಸಿ ಬೂದಿಗೆ ಹಾಕಿ. ಮತ್ತೆ, ಹಾಳೆಯ ಮೇಲೆ ವರ್ಷ ಬರೆಯಿರಿ. ನನ್ನ ಅಟ್ಟದಲ್ಲಿ ನಾಲ್ಕು ಹಾಳೆ ಇವೆ, ಯಾವುದು ಸೌತೆ, ಯಾವುದು ಕುಂಬಳ ಅಂತ ಮೊಳಕೆ ಬಂದು ಎಲೆ ಬಿಟ್ಟ ಮೇಲೆಯೇ ಗೊತ್ತಾಗಬೇಕು.